ಮಾನ್ಯ ಕೆಮ್ಮುವ ಒಂಟೆಯವರಿಗೆ

ನಮ್ಮಣ್ಣ ಬೀಗ ತೆಗೆಯುವವನು. ಕಳ್ಳನೂ ಅದನ್ನೇ ಅಲ್ಲವೇ ಮಾಡುವುದು ಎಂದು ನಗಬೇಡಿ. ಆ ಜೋಕನ್ನು ನಮ್ಮ ಬೀದಿಯ ಪ್ರತಿಯೊಬ್ಬನೂ ತಾನೇ ಕಂಡುಹಿಡಿದವನಂತೆ ಒಮ್ಮೆಯಾದರೂ ಹೇಳಿದ್ದಾನೆ, ಅಣ್ಣ ಪ್ರತಿಸಲವೂ ಹೊಸದಾಗಿ ಕೇಳಿದವನಂತೆ ನಕ್ಕಿದ್ದಾನೆ. ನನಗೆ ಅಷ್ಟು ತಾಳ್ಮೆಯಿಲ್ಲ. ನಮ್ಮದು ಒಂದೇ ಅಂಗಡಿ, ನಡುವೆ ಒಂದು ಪ್ಲೈವುಡ್ ಹಲಗೆ. ಆ ಕಡೆ ಅವನ ಬೀಗಗಳು, ಈ ಕಡೆ ನನ್ನ ಹೊಲಿಗೆ ಯಂತ್ರ. ನಾನು ಜಿಪ್ಪು ಬದಲಾಯಿಸುತ್ತೇನೆ, ಪ್ಯಾಂಟು ಗಿಡ್ಡ ಮಾಡುತ್ತೇನೆ, ದಪ್ಪಗಾದವರ ಕೋಟು ಬಿಡಿಸಿ ಹೊಲಿಯುತ್ತೇನೆ, ಮತ್ತು ಹಲಗೆಯಾಚೆ ಅಣ್ಣನಿಗೆ ಯಾರಾದರೂ ಟೋಪಿ ಹಾಕುತ್ತಿದ್ದರೆ ಕೂತಲ್ಲಿಂದಲೇ ಕೂಗುತ್ತೇನೆ. ಕೊನೆಯ ಕೆಲಸಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಅಣ್ಣನ ಸ್ವಭಾವವೇ ಮೆತ್ತಗೆ. ಬಾಗಿಲ ಹೊರಗೆ ಸಿಕ್ಕಿಹಾಕಿಕೊಂಡವರು ಅತ್ತರೂ, ರೇಗಿದರೂ, ಒಲೆಯ ಮೇಲೆ ಹಾಲಿದೆ ಎಂದು ಬಡಬಡಿಸಿದರೂ ಅವನು ಬೀಗದ ಮುಂದೆ ಮಂಡಿಯೂರಿ, ಎರಡು ತೆಳ್ಳನೆಯ ಕಡ್ಡಿಗಳನ್ನು ಒಳಗೆ ಬಿಟ್ಟು, ಕಣ್ಣು ಮುಚ್ಚಿಬಿಡುತ್ತಾನೆ. "ಬಾ ಪುಟ್ಟಾ, ಬಾ" ಎಂದು ಬೀಗಕ್ಕೆ ಹೇಳುತ್ತಾನೆ. ತನ್ನ ಹೆಂಡತಿಯನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ಆ ದನಿಯಲ್ಲಿ ಕರೆದಿಲ್ಲವಂತೆ, ಅತ್ತಿಗೆಯೇ ಹೇಳಿದ್ದು. ಆಮೇಲೆ ಒಳಗೆ ಟಿಕ್ ಎನ್ನುತ್ತದೆ, ಬಾಗಿಲು ತೆರೆಯುತ್ತದೆ, ಬೀಗಕ್ಕೆ ಒಂದು ಗೀರು ಕೂಡ ಬಿದ್ದಿರುವುದಿಲ್ಲ. ಡ್ರಿಲ್ ಹಾಕಿ ಬೀಗ ಕೊರೆದು, ಹಾಳಾದ ಬೀಗಕ್ಕೆ ಬದಲು ಹೊಸದನ್ನೂ ತಾವೇ ಮಾರುವವರನ್ನು ಕಂಡರೆ ಮಾತ್ರ ಅವನಿಗೆ ಆಗದು. "ಹಲ್ಲುನೋವು ಅಂತ ಬಂದವ್ರಿಗೆ ದವಡೆ ಕಿತ್ತು ಕೈಗೆ ಕೊಟ್ಟ ಹಾಗೆ" ಅನ್ನುತ್ತಾನೆ. ಅವನ ಬಾಯಿಂದ ಬರುವ ಅತ್ಯಂತ ಕಟುವಾದ ಮಾತು ಅದೇ.

ಈ ಕಸುಬಿಗೆ ಅದರದೇ ಶಿಸ್ತಿದೆ. ನಕಲಿ ಮಾಡಿಸಲು ಬಿಟ್ಟುಹೋದ ಕೀಲಿಗೆ ಅಣ್ಣ ಚೀಟಿ ಕಟ್ಟುತ್ತಾನೆ, ಆದರೆ ಅದರ ಮೇಲೆ ಒಡೆಯರ ಹೆಸರನ್ನಾಗಲಿ ವಿಳಾಸವನ್ನಾಗಲಿ ಸತ್ತರೂ ಬರೆಯುವುದಿಲ್ಲ. ಕೀಲಿ ಯಾರ ಕೈಗೋ ಸಿಕ್ಕರೆ ಮನೆಯೂ ಸಿಕ್ಕಂತಾಗಬಾರದಲ್ಲ. ಅದಕ್ಕೆ ಬಾಯಿಗೆ ಬಂದದ್ದನ್ನು ಬರೆಯುತ್ತಾನೆ. ಬೇಕರಿಯವನ ಕೀಲಿ ‘ಸೋಮಾರಿ ಆಮೆ’. ಬ್ಯಾಂಕ್ ಮ್ಯಾನೇಜರರ ಮನೆ ‘ಅಳುವ ಕುಂಬಳಕಾಯಿ’. ಯಾವುದು ಯಾರದೆಂಬುದು ಅವನ ತಲೆಯೊಳಗೆ ಮಾತ್ರ, ಮತ್ತು ಹಲಗೆಯಾಚೆಯಿಂದ ಕೇಳಿಸಿಕೊಂಡಷ್ಟು ನನ್ನ ತಲೆಯೊಳಗೆ. ಹಾಗೆಯೇ ತನ್ನ ಫೋನ್ ನಂಬರಿನ ಸ್ಟಿಕ್ಕರನ್ನು ಯಾರ ಮನೆಯ ಬಾಗಿಲ ಹೊರಗೂ ಅಂಟಿಸುವುದಿಲ್ಲ. ಒಳಗಿರುವುದು ಯಾರ ಕೈಯ ಬೀಗ ಎಂದು ಬೀದಿಗೆಲ್ಲ ಸಾರಬಾರದಂತೆ. ಆದ್ದರಿಂದ ಒಳಗಡೆ ಅಂಟಿಸುತ್ತಾನೆ. ಮನೆಯೊಳಗೆ ಕಾಲು ಚಾಚಿ ಕೂತವರಿಗೆ ಅದು ಬಹಳ ಚೆನ್ನಾಗಿ ಕಾಣುತ್ತದೆ. ಹೊರಗೆ ಸಿಕ್ಕಿಹಾಕಿಕೊಂಡವರಿಗೆ ಕಾಣುವುದಿಲ್ಲ, ಅಷ್ಟೇ.

"ನಿಮ್ಮಂಥ ಬುದ್ಧಿವಂತರನ್ನ ನಾನೆಲ್ಲೂ ನೋಡ್ಲಿಲ್ಲ ರೀ" ಎಂದು ಅತ್ತಿಗೆ ಒಂದು ದಿನ ರೇಗಿ, ಅವನಿಗೊಂದು ವೆಬ್‌ಸೈಟ್ ಮಾಡಲು ಕೂತಳು. ಅತ್ತಿಗೆ ಎಂದ ಮೇಲೂ ಏಕವಚನವೇ ಎಂದು ಹುಬ್ಬೇರಿಸಬೇಡಿ. ಅವಳು ಅತ್ತಿಗೆಯಾಗುವ ಮೊದಲು ಶಾಲೆಯಲ್ಲಿ ನನ್ನ ಬೆಂಚಿನವಳು. ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ನೋವಿನಿಂದ ಅರಚುವವರನ್ನೂ ಹಣ ಕೊಡದೆ ಜಾರುವವರನ್ನೂ ಒಂದೇ ನಗುಮುಖದಲ್ಲಿ ಕೂರಿಸುವುದರಲ್ಲಿ ಎತ್ತಿದ ಕೈ, ಟೈಪ್ ಮಾಡುವುದರಲ್ಲಿ ಬೆಂಕಿ. ಹೊರಗೆ ನಿಂತವರು ಫೋನಿನಲ್ಲಿ ಹುಡುಕಿದರೆ ಅಣ್ಣ ಸಿಗಬೇಕು, ಅಷ್ಟೇ ಅವಳ ಆಸೆ. ಹೆಸರು ಅಣ್ಣನೇ ಕೊಟ್ಟ: ಮುರಿಯದೆ ತೆರೆ ಡಾಟ್ ಕಾಮ್.

ಇಂಟರ್‌ನೆಟ್ಟಿನಲ್ಲಿ ಹೆಸರನ್ನು ಕೊಳ್ಳುವುದೆಂದರೆ ನಿಜವಾಗಿ ಕೊಳ್ಳುವುದಲ್ಲ ಎಂದು ನಮಗೆ ಆಗ ಗೊತ್ತಿರಲಿಲ್ಲ. ಹೆಸರು ಮಾರುವ ಕಂಪನಿಗಳಿವೆ, ಅವು ನಿಮ್ಮ ಹೆಸರನ್ನೇ ನಿಮಗೆ ವರ್ಷ ವರ್ಷ ಬಾಡಿಗೆಗೆ ಕೊಡುತ್ತವೆ. ಮೊದಲ ವರ್ಷದ ಬಾಡಿಗೆ ಒಂದು ಟೀ ಕುಡಿದಷ್ಟು. ಒಡೆಯರ ವಿವರ ತುಂಬಿಸುವ ಜಾಗ ಬಂದಾಗ ಅತ್ತಿಗೆ ಒಲೆ ಆರಿಸಲು ಎದ್ದುಹೋದಳು, "ಅದೊಂದನ್ನ ನೀವೇ ತುಂಬಿಸಿ" ಅಂದಳು. ಅಣ್ಣ ತುಂಬಿಸಿದ. ಇಡೀ ಆಯುಷ್ಯದಲ್ಲಿ ಚೀಟಿಯ ಮೇಲೆ ಒಡೆಯರ ನಿಜ ಹೆಸರು ಬರೆಯದವನು ಕಂಪ್ಯೂಟರ್ ಕಂಡೊಡನೆ ಬರೆದಾನೆಯೇ? ಒಡೆಯರ ಹೆಸರು: ಕೆಮ್ಮುವ ಒಂಟೆ. ವಿಳಾಸ: ಮೂರನೇ ಕಪಾಟು, ಕೆಳಗಿನ ಖಾನೆ. ಕಂಪನಿ ತುಟಿಪಿಟಕ್ಕೆನ್ನದೆ ದುಡ್ಡು ಇಸಿದುಕೊಂಡಿತು. ಅತ್ತಿಗೆ ವಾಪಸ್ಸು ಬರುವಷ್ಟರಲ್ಲಿ ಪರದೆಯ ಮೇಲೆ ಬಣ್ಣದ ಕಾಗದ ಉದುರುವ ಚಿತ್ರ, ‘ಅಭಿನಂದನೆಗಳು’.

ವೆಬ್‌ಸೈಟ್ ಚೆನ್ನಾಗಿ ನಡೆಯಿತು, ಸುಳ್ಳು ಹೇಳಬಾರದು. ಅದನ್ನು ಎಲ್ಲರಿಗಿಂತ ಹೆಚ್ಚು ಬಳಸಿದವರು ಗಣಿತದ ಮೇಡಂ. ನನಗೂ ಅತ್ತಿಗೆಗೂ ಪಾಠ ಹೇಳಿ, ನಾವು ಕಲಿಯದಿದ್ದರೂ ಸಿಟ್ಟಾಗದೆ ನಿವೃತ್ತರಾದವರು. ಕಸದ ಬುಟ್ಟಿ ಹಿಡಿದು ಹೊರಗೆ ಕಾಲಿಟ್ಟರೆ ಸಾಕು, ಅವರ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಫೋನಿನಲ್ಲಿ ಆ ಪುಟವನ್ನು ಉಳಿಸಿಟ್ಟುಕೊಂಡಿದ್ದರು. ಮೆಟ್ಟಿಲ ಮೇಲೆ ಕೂತು ಒತ್ತಿದರೆ ಅಣ್ಣ ಹಾಜರು. ಅವನು ಬೀಗ ತೆಗೆಯುವಾಗ ಅವರು ಹಿಂದೆ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. "ಇವನೊಬ್ಬನೇ ನೋಡು ಉತ್ತರ ಗೊತ್ತಿಲ್ದಿದ್ರೆ ಲೆಕ್ಕಾನ ಹರಿದು ಹಾಕದವನು" ಎಂದು ನನ್ನೆದುರೇ ಹೇಳಿದ್ದಾರೆ. ಅಣ್ಣ ಆ ಮಾತನ್ನು ಯಾರಿಗೂ ಹೇಳಲಿಲ್ಲ, ಆದರೆ ಆ ವಾರವೆಲ್ಲ ಸಿಳ್ಳೆ ಹಾಕುತ್ತಿದ್ದ.

ಆಮೇಲೆ ಕಂಪನಿಯಿಂದ ಒಂದು ಮೇಲ್ ಬಂತು: ‘ನಿಮಗೊಂದು ಸಂತಸದ ಸುದ್ದಿ.’ ಸಂತಸ ಯಾರಿಗೆಂದು ಬರೆದಿರಲಿಲ್ಲ. ಬಾಡಿಗೆ ಹಲವು ಪಟ್ಟು ಏರಿತ್ತು. ಜೊತೆಗೆ ‘ರಕ್ಷಾಕವಚ’, ‘ಚಿನ್ನದ ಸೇವೆ’ ಎಂದು ನಾವು ಕೇಳದ ಎರಡಕ್ಕೆ ಅವರೇ ಟಿಕ್ ಹಾಕಿದ್ದರು. ಟಿಕ್ ತೆಗೆಯಲು ಹೋದರೆ ‘ನಿಮಗೆ ನಿಮ್ಮ ಹೆಸರಿನ ಮೇಲೆ ಪ್ರೀತಿಯಿಲ್ಲವೇ?’ ಎಂದು ಕೇಳುತ್ತದೆ. ನಾನು ಹಲಗೆಯಾಚೆಯಿಂದ "ಇಲ್ಲ ಅಂತ ಒತ್ತೋ!" ಎಂದು ಕೂಗಿದೆ. ಅತ್ತಿಗೆ ಇನ್ನೊಂದು ಕಂಪನಿಯಲ್ಲಿ ವಿಚಾರಿಸಿದಳು, ಅಲ್ಲಿ ಬಾಡಿಗೆ ಮೊದಲಿನಷ್ಟೇ. ಹೆಸರನ್ನು ಅಲ್ಲಿಗೆ ಒಯ್ಯಲು ಹಳೆಯ ಕಂಪನಿ ಒಂದು ಗುಪ್ತ ಸಂಖ್ಯೆ ಕೊಡಬೇಕು, ಅಷ್ಟೇ. ಕೊಡಿ ಎಂದು ಅವರ ಸಹಾಯವಾಣಿಗೆ ಬರೆದಳು. ಉತ್ತರ ಬಂತು: ‘ಮಾನ್ಯ ಕೆಮ್ಮುವ ಒಂಟೆಯವರಿಗೆ ನಮಸ್ಕಾರ.’

ಅತ್ತಿಗೆ ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. "ಯಾರ್ರೀ ಇದು ಒಂಟೆ?"

ಅಣ್ಣ ಕೈಯಲ್ಲಿದ್ದ ಬೀಗವನ್ನು ನೋಡುತ್ತ ಕೂತಿದ್ದ. "ಅದು... ನಾನೇ ಕಣೆ."

ಅವತ್ತು ಅವನಿಗೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯಲಾರೆ. ನಾನೂ ಕೈಜೋಡಿಸಿದೆ, ಆದರೆ ಮಧ್ಯದಲ್ಲಿ ನಗು ತಡೆಯಲಾಗದೆ ಹಲಗೆಯ ಈ ಕಡೆ ಬಂದು ಬಾಯಿಗೆ ಬಟ್ಟೆ ತುರುಕಿಕೊಂಡೆ.

ಕಂಪನಿಯ ಬೇಡಿಕೆ ಸರಳ: ಕೆಮ್ಮುವ ಒಂಟೆಯವರು ತಮ್ಮ ಭಾವಚಿತ್ರವಿರುವ ಗುರುತಿನ ಚೀಟಿ ಕಳಿಸಬೇಕು, ಮೂರನೇ ಕಪಾಟಿನಲ್ಲಿ ವಾಸವಿರುವುದಕ್ಕೆ ವಿದ್ಯುತ್ ಬಿಲ್ಲು ಕಳಿಸಬೇಕು. ನಮ್ಮ ಮೊಬೈಲು, ನಮ್ಮ ಮೇಲ್, ಬಾಡಿಗೆ ಕಟ್ಟಿದ ಬ್ಯಾಂಕ್ ಖಾತೆ ಯಾವುದೂ ಲೆಕ್ಕಕ್ಕಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ದುಡ್ಡು ತಗೊಳ್ಳೋವಾಗ ಒಂಟೆ ಕೆಮ್ಮಿದ್ದು ಕೇಳಿಸ್ಲಿಲ್ವಂತಾ ಇವ್ರಿಗೆ? ಕೇಳು ಅತ್ತಿಗೆ, ಹಾಗೇ ಕೇಳು!"

ಅತ್ತಿಗೆ ಹಾಗೇ ಕೇಳಿದಳು. ‘ನಿಮ್ಮ ತಾಳ್ಮೆಗೆ ಧನ್ಯವಾದಗಳು’ ಎಂದು ಉತ್ತರ ಬಂತು.

ಇದರಲ್ಲಿ ತಮಾಷೆಯೆಂದರೆ ಅಣ್ಣ ಅವರ ಪರವೇ ಮಾತಾಡುತ್ತಿದ್ದ. "ಕೇಳೋದ್ರಲ್ಲಿ ತಪ್ಪೇನಿದೆ? ಗುರುತಿಲ್ದೆ ನಾನೂ ಬಾಗಿಲು ತೆಗೆಯಲ್ಲ, ಒಳಗೆ ಯಾವ ಫೋಟೋ ಎಲ್ಲಿದೆ ಅಂತ ಕೇಳ್ತೀನಿ" ಅನ್ನುತ್ತಿದ್ದ. ಅವನು ಕಂಪನಿಗೂ ಅದೇ ದಾರಿಯನ್ನು ಬರೆಸಿದ: ‘ನನ್ನ ಪುಟದಲ್ಲಿ ಯಾವ ಚಿತ್ರ ಎಲ್ಲಿದೆ ಎಂದು ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ.’ ಮತ್ತೆ ಅದೇ ತಾಳ್ಮೆ, ಅದೇ ಧನ್ಯವಾದ. ಹಾಳಾಗಿ ಹೋಗಲಿ, ಕೇಳಿದಷ್ಟು ಬಾಡಿಗೆ ಬಿಸಾಕೋಣ ಎಂದು ಕಟ್ಟಲು ಹೋದರೆ ಖಾತೆ ‘ಗುರುತಿನ ಪರಿಶೀಲನೆಯಲ್ಲಿದೆ’, ಹಣ ತೆಗೆದುಕೊಳ್ಳುವುದಿಲ್ಲ. ಪರಿಶೀಲನೆ ಮುಗಿಯುವುದು ಯಾವಾಗ? ಒಂಟೆಯ ಗುರುತಿನ ಚೀಟಿ ಬಂದಾಗ. ಹೀಗೆ ಗಾಣ ಸುತ್ತಿಸಿ ಸುತ್ತಿಸಿ ಗಡುವು ದಾಟಿಸಿದರು. ಗಡುವು ದಾಟಿದ ಮರುದಿನ ಹೆಸರು ಅಣ್ಣನದಲ್ಲ ಎಂದರು. ನಮ್ಮ ಮನೆಗೆ ಹೊರಗಿನಿಂದ ಚಿಲಕ ಹಾಕಿ, ಒಳಗೆ ಯಾಕೆ ಬರಲಿಲ್ಲ ಎಂದು ದಂಡ ಹಾಕಿದ ಹಾಗಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ನಾವೂ ಬಿಡುತ್ತಿದ್ದೆವೋ ಏನೋ. ಆದರೆ ಮುರಿಯದೆ ತೆರೆ ಡಾಟ್ ಕಾಮ್ ಎಂದು ಒತ್ತಿದರೆ ಈಗ ಅಲ್ಲೊಂದು ಜಾಹೀರಾತು: ದೊಡ್ಡ ಡ್ರಿಲ್ಲಿನ ಚಿತ್ರ, ಕೆಳಗೊಂದು ಫೋನ್ ನಂಬರು. ಜಾಗ ಖಾಲಿ ಬಿದ್ದಿದೆಯೆಂದು ಕಂಪನಿ ಅದನ್ನು ಬಾಗಿಲು ಕೊರೆಯುವವರಿಗೆ ಬಾಡಿಗೆಗೆ ಬಿಟ್ಟಿತ್ತು. ಇದು ನಮಗೆ ತಿಳಿದದ್ದೇ ಮೇಡಂ ಅವರ ಫೋನಿನಿಂದ. ಅವರು ಯಥಾಪ್ರಕಾರ ಕಸದ ಬುಟ್ಟಿಯೊಂದಿಗೆ ಹೊರಗೆ ಸಿಕ್ಕಿಹಾಕಿಕೊಂಡು, ಪುಟ ಒತ್ತಿ, ಬಂದ ನಂಬರಿಗೆ ಕರೆ ಮಾಡಿದ್ದರು. ವ್ಯಾನಿನಲ್ಲಿ ಇಬ್ಬರು ಬಂದರಂತೆ. ‘ಬೀಗದಣ್ಣ ಎಲ್ಲಿ’ ಅಂದರೆ ‘ನಾವು ಅವರ ಕಡೆಯವರೇ’ ಅಂದರಂತೆ. ಕೊರೆದರಂತೆ. ಬಾಗಿಲಿನ ಮರವೂ ಸೀಳಿತಂತೆ. ಮೇಡಂ ಒಳಗೆ ಹೋಗಿ, ಬಾಗಿಲ ಹಿಂದಿನ ಸ್ಟಿಕ್ಕರು ನೋಡಿ ಅಣ್ಣನಿಗೆ ಫೋನ್ ಹಚ್ಚಿದರು.

ಅವನು ಫೋನನ್ನು ಕಿವಿಗಿಟ್ಟುಕೊಂಡು ನಿಂತೇ ಇದ್ದ. ಅವರ ದನಿ ಹಲಗೆ ದಾಟಿ ನನಗೂ ಕೇಳುತ್ತಿತ್ತು. "ನಾಚಿಕೆ ಆಗಲ್ವಾ ನಿನಗೆ! ನಿನ್ನ ಹೆಸರು ನಂಬಿ ಕರೆದೆ! ಬಾಗಿಲು ನೋಡು ಬಾ, ಇಲಿ ತಿಂದ ಹಾಗಾಗಿದೆ!" ಅಣ್ಣ ಒಂದೇ ಒಂದು ಸಲ "ಮೇಡಂ, ನಾನು" ಎಂದು ಬಾಯಿ ತೆರೆದ. ಅವರು ಅವಕಾಶ ಕೊಡಲಿಲ್ಲ. ಪೂರ್ತಿ ಕೇಳಿಸಿಕೊಂಡು, ಅವರೇ ಇಟ್ಟ ಮೇಲೆ ಫೋನು ಕೆಳಗಿಟ್ಟ. ನಾನು ಎದ್ದು ಹಲಗೆ ದಾಟಿ ಹೋದೆ.

"ಹೋಗಿ ಹೇಳೋಣ ಬಾ, ನಾವಲ್ಲ ಅಂತ" ಅಂದೆ.

"ಏನಂತ ಹೇಳ್ಲಿ? ಅವ್ರು ಒತ್ತಿದ್ದು ನನ್ನ ಹೆಸರೇ ಅಲ್ವಾ. ಇವತ್ತೂ ಯಾರೋ ಒತ್ತಿರ್ತಾರೆ. ಹೆಸರು ವಾಪಸ್ಸು ಬರೋವರೆಗೂ ಆ ಮೆಟ್ಟಿಲು ಹತ್ತಲ್ಲ ನಾನು. ಯಾವ ಮುಖ ಇಟ್ಕೊಂಡು ಹತ್ಲಿ?"

ನಮ್ಮಣ್ಣ ಹಟ ಮಾಡಿದ್ದನ್ನು ನಾನು ಅವತ್ತೇ ನೋಡಿದ್ದು. ಡ್ರಿಲ್ಲಿನವರಿಗೆ ಫೋನ್ ಮಾಡಿ ನಾನು ಜಾಡಿಸಿದೆ, ಅದು ಬೇರೆ ಮಾತು. ಅವರು ‘ನಾವು ದುಡ್ಡು ಕೊಟ್ಟು ಜಾಹೀರಾತು ಹಾಕಿದ್ದೀವಿ’ ಎಂದು ಇಟ್ಟುಬಿಟ್ಟರು.

ಕಂಪನಿ ಹೆಸರನ್ನು ಹರಾಜಿಗಿಟ್ಟಿತು. ಹರಾಜು ಕೂಡ ಕಂಪ್ಯೂಟರಿನಲ್ಲೇ. ಯಾರು ಕೂಗುತ್ತಿದ್ದಾರೆಂದು ತೋರಿಸುವುದಿಲ್ಲ, ಪ್ರತಿಯೊಬ್ಬರಿಗೂ ‘ಅತಿಥಿ’ ಎಂದು ಒಂದು ಸಂಖ್ಯೆ. ಅಣ್ಣ ಅತ್ತಿಗೆಗೆ ತಿಳಿಸದೆ ಅಂಗಡಿಯಲ್ಲಿ ಕೂತು ಕೂಗಿದ. ತಿಳಿದರೆ ಅಷ್ಟು ದುಡ್ಡೇ ಎಂದು ಬೈಯುತ್ತಾಳೆಂಬ ಭಯ. ಅವನು ಕೂಗಿದ ಮರುಕ್ಷಣ ಇನ್ನೊಬ್ಬ ಅತಿಥಿ ಮೇಲಕ್ಕೆ ಕೂಗಿದ. ಅಣ್ಣ ಮತ್ತೆ. ಅವನು ಮತ್ತೆ. ಹೆಬ್ಬೆರಳ ಉಗುರು ಕಚ್ಚುತ್ತ ಅಣ್ಣ ಗೊಣಗಿದ, "ಯಾವನೇ ಇವನು, ಮನುಷ್ಯನೋ ಮೃಗಾನೋ!" ಮೃಗ ಎಂಬ ಮಾತು ಅವನ ಬಾಯಲ್ಲಿ! ನನಗೆ ಗಾಬರಿಯಾಗಿ, ಅವನು ಬೇಡವೆಂದರೂ ಅತ್ತಿಗೆಗೆ ಫೋನ್ ಮಾಡಿದೆ.

"ಈಗ ಮಾತಾಡಿಸ್ಬೇಡ ಕಣೆ" ಎಂದು ಅತ್ತಿಗೆ ಕ್ಲಿನಿಕ್ಕಿನಿಂದ ಪಿಸುಗುಟ್ಟಿದಳು. "ನಿಮ್ಮಣ್ಣನ ಹೆಸರು ಹರಾಜಾಗ್ತಿದೆ, ಅವ್ರಿಗೆ ಗೊತ್ತಾಗ್ದಂಗೆ ತಗೊಂಡುಬಿಡೋಣ ಅಂತ ಕೂತಿದೀನಿ. ಯಾವನೋ ದರಿದ್ರದವನು ಬಿಡ್ತಾನೇ ಇಲ್ಲ. ಇವನ ನಾಲಿಗೆ ಸೇದಿಹೋಗ! ಇವನನ್ನ ಕಟ್ಕೊಂಡವಳು ಅದೇನು ಪಾಪ ಮಾಡಿದ್ಲೋ!"

ನಾನು ಅಣ್ಣನನ್ನು ನೋಡಿದೆ. ಅಣ್ಣ ಫೋನನ್ನು ನೋಡಿದ. "ಅತ್ತಿಗೆ" ಅಂದೆ, "ಕಟ್ಕೊಂಡವಳು ನೀನೇ."

ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಇಬ್ಬರೂ ಹಣ ತೆಗೆಯಬೇಕಾದದ್ದು ಒಂದೇ ಜಂಟಿ ಖಾತೆಯಿಂದ! ಅದರಲ್ಲಿದ್ದದ್ದಕ್ಕಿಂತ ಕೂಗು ಯಾವತ್ತೋ ಮೇಲೆ ಹೋಗಿತ್ತು. ಇಬ್ಬರೂ ಕೈ ತೆಗೆದರು. ಕೊನೆಯ ಕೂಗು ಅತ್ತಿಗೆಯದು. ಗೆದ್ದರೆ ಕಟ್ಟುವುದೆಲ್ಲಿಂದ ಎಂದು ನಾವು ಲೆಕ್ಕ ಹಾಕುತ್ತ ಕೂತಿರುವಾಗ, ಹರಾಜು ಮುಗಿಯುವ ಹೊತ್ತಿಗೆ ಸರಿಯಾಗಿ ಮೂರನೆಯ ಅತಿಥಿಯೊಬ್ಬ ಎಲ್ಲಿಂದಲೋ ಪ್ರತ್ಯಕ್ಷನಾಗಿ ಒಂದು ಕೂಗು ಮೇಲೆ ಕೂಗಿ ಹೆಸರನ್ನು ಎತ್ತಿಕೊಂಡು ಹೋದ. ಮರುದಿನ ನೋಡಿದರೆ ಹೆಸರು ಮತ್ತೆ ಕಂಪನಿಯ ಅಂಗಡಿಯಲ್ಲೇ ಮಾರಾಟಕ್ಕಿತ್ತು, ಬೆಲೆ ಇನ್ನೂ ದುಬಾರಿ. ಆ ಅತಿಥಿ ಯಾರ ಮನೆಯವನೆಂದು ನಾನು ಹೇಳಬೇಕಾಗಿಲ್ಲ.

"ಸಾಕು ಬಿಡಿ, ಹೊಸ ಹೆಸರು ತಗೊಳ್ಳೋಣ" ಎಂದಳು ಅತ್ತಿಗೆ. ಅವತ್ತು ಕ್ಲಿನಿಕ್ಕಿಗೆ ರಜೆ, ಅವಳು ಅಂಗಡಿಗೇ ಬಂದಿದ್ದಳು. ಯಾವ ಹೆಸರು ಖಾಲಿಯಿದೆಯೆಂದು ಹುಡುಕುವ ಜಾಗ ಆ ಕಂಪನಿಯ ಪುಟದಲ್ಲೇ ತೆರೆದುಕೊಂಡಿತ್ತು, ಅಲ್ಲೇ ಹುಡುಕಿದೆವು. ‘ಮೆಲ್ಲಗೆ ತೆರೆ’ ಖಾಲಿಯಿತ್ತು, ಬೆಲೆಯೂ ಕಡಿಮೆ. ಅಣ್ಣ ಟೀ ಕುಡಿದು ಯೋಚಿಸೋಣ ಅಂದ. ಕುಡಿದು ಬಂದು ನೋಡಿದರೆ ‘ಈ ಹೆಸರು ಈಗಷ್ಟೇ ಮಾರಾಟವಾಗಿದೆ, ವಿಶೇಷ ಬೆಲೆಗೆ ಕೊಡಿಸಬಲ್ಲೆವು.’ ‘ಬೀಗದಣ್ಣ’ ಹುಡುಕಿದೆವು. ಖಾಲಿ. ಹಣ ಕಟ್ಟಲು ಕಾರ್ಡು ತೆಗೆಯುವಷ್ಟರಲ್ಲಿ ಅದೂ ಹೋಯಿತು. ಕಂಪನಿ ಕೊಂಡಿತ್ತು. ನಾವು ಏನನ್ನು ಹುಡುಕುತ್ತೇವೋ ಅದನ್ನು ಅವರ ಯಂತ್ರ ಹಿಂದಿನಿಂದ ಇಣುಕಿ ನೋಡಿ ಬಾಚಿಕೊಳ್ಳುತ್ತಿತ್ತು.

ಅತ್ತಿಗೆ ಸುಮ್ಮನಾದಳು. ಅವಳು ಕೂಗಾಡುತ್ತಿದ್ದರೆ ಭಯವಿಲ್ಲ, ಸುಮ್ಮನಾದರೆ ನಾನು ಕತ್ತರಿಯನ್ನು ಎತ್ತಿಡುತ್ತೇನೆ. ಕುರ್ಚಿ ಎಳೆದುಕೊಂಡು, ಬೆರಳು ಮುರಿದುಕೊಂಡು ಅವಳು ಹುಡುಕುವ ಜಾಗದಲ್ಲಿ ಟೈಪ್ ಮಾಡಿದಳು: ನಾವು ಮೂರೂ ಬಿಟ್ಟವರು ಡಾಟ್ ಕಾಮ್.

ಖಾಲಿಯಿತ್ತು.

"ಟೀ ಕುಡಿಯೋಣ ಬನ್ನಿ" ಅಂದಳು.

ಕುಡಿದು ಬಂದೆವು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ‘ನಾವು ಮೂರೂ ಬಿಟ್ಟವರು’, ಅದರ ಕೆಳಗೆ ಕಂಪನಿಯ ಮುದ್ರೆ, ಅದರ ಕೆಳಗೆ ‘ಈ ಹೆಸರು ನಮ್ಮ ಸಂಸ್ಥೆಯ ಅಮೂಲ್ಯ ಆಸ್ತಿ’. ನಾನು ನಕ್ಕ ರಭಸಕ್ಕೆ ಆಗಷ್ಟೇ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ಎಲ್ಲಿಗೆ ಹಾರಿತೋ ಇವತ್ತಿಗೂ ಸಿಕ್ಕಿಲ್ಲ.

ಆಮೇಲೆ ಅಂಗಡಿಯಲ್ಲಿ ನಡೆದದ್ದು ಕೆಲಸವಲ್ಲ. ಜಿಪ್ಪಿಗೆ ಬಂದವರು, ಕೀಲಿಗೆ ಬಂದವರು ಎಲ್ಲರೂ ಒಂದೊಂದು ಹೇಳಿದರು, ಅತ್ತಿಗೆ ಒಂದೊಂದನ್ನೂ ಹುಡುಕಿದಳು, ಯಂತ್ರ ಒಂದೊಂದನ್ನೂ ಕೊಂಡಿತು. ಬೇಕರಿಯವನು ‘ಊರಿಗೆಲ್ಲ ಟೋಪಿ ಹಾಕುವವರು’ ಕೊಟ್ಟ. ಬ್ಯಾಂಕ್ ಮ್ಯಾನೇಜರರು ಕೋಟು ಬಿಚ್ಚಿಟ್ಟು, ಬಹಳ ಯೋಚಿಸಿ, ‘ನಮ್ಮನ್ನು ನಂಬಿದವರು ಬೆಪ್ಪುತಕ್ಕಡಿಗಳು’ ಎಂದರು. ಇಡೀ ಜೀವಮಾನದಲ್ಲಿ ಇಷ್ಟು ಹಗುರಾಗಿರಲಿಲ್ಲ ಎಂದೂ ಸೇರಿಸಿದರು. ಎಲ್ಲದಕ್ಕೂ ಕಂಪನಿಯ ಮುದ್ರೆ, ಎಲ್ಲದರ ಕೆಳಗೂ ಅಮೂಲ್ಯ ಆಸ್ತಿ. ಅಣ್ಣ ಮೂಲೆಯಲ್ಲಿ ನಿಂತು "ಪಾಪ, ಸಾಕು ಬಿಡ್ರೇ" ಅನ್ನುತ್ತಿದ್ದ. ಕೊನೆಗೆ ಅವನಿಗೂ ಏನನ್ನಿಸಿತೋ, ಹತ್ತಿರ ಬಂದು ಒಂದೇ ಬೆರಳಲ್ಲಿ ನಿಧಾನವಾಗಿ ಒತ್ತಿದ: ಕೆಮ್ಮುವ ಒಂಟೆ. ಅದನ್ನೂ ಕೊಂಡರು.

ಅತ್ತಿಗೆ ಆ ಪುಟಗಳ ಚಿತ್ರ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದಳು. ದವಡೆ ಊದಿಸಿಕೊಂಡು ಕ್ಲಿನಿಕ್ಕಿಗೆ ಬಂದವರೂ ನಕ್ಕು ನೋವು ಹೆಚ್ಚಿಸಿಕೊಂಡು, ತಮ್ಮವರಿಗೆ ಕಳಿಸಿದರು. ಅದು ಎಲ್ಲಿಂದ ಎಲ್ಲಿಗೆ ಹೋಯಿತೋ, ಆ ವಾರ ಕಳೆಯುವಷ್ಟರಲ್ಲಿ ಕಂಪನಿಯಿಂದ ಫೋನು ಬಂತು.

ಈ ಸಲ ಯಂತ್ರವಲ್ಲ, ಒಬ್ಬ ಮನುಷ್ಯ, ಹಿರಿಯ ಅಧಿಕಾರಿಯಂತೆ, ಬೆವರು ಒರೆಸಿಕೊಳ್ಳುತ್ತಿದ್ದದ್ದು ದನಿಯಲ್ಲೇ ತಿಳಿಯುತ್ತಿತ್ತು. ಅತ್ತಿಗೆ ಸ್ಪೀಕರ್ ಹಾಕಿ, ಕ್ಲಿನಿಕ್ಕಿನ ದನಿಯಲ್ಲಿ "ಹೇಳಿ ಸರ್, ಎಲ್ಲಿ ನೋಯ್ತಿದೆ?" ಎಂದಳು.

"ಮೇಡಂ, ದಯವಿಟ್ಟು ಆ ಹುಡುಕೋದನ್ನ ನಿಲ್ಲಿಸ್ಬೇಕು. ಚಿತ್ರಗಳನ್ನೂ ತೆಗೆಸ್ಬೇಕು. ಗ್ರಾಹಕರೆಲ್ಲ ಫೋನ್ ಮಾಡಿ ಕೇಳ್ತಿದಾರೆ."

"ನೀವು ಕೊಂಡಿದ್ದನ್ನ ವಾಪಸ್ಸು ಕೊಡಿ ಸರ್."

"ಒಂದು ಸಲ ಕೊಂಡ ಹೆಸರನ್ನ ವರ್ಷದವರೆಗೆ ವಾಪಸ್ಸು ಮಾಡೋ ಹಾಗಿಲ್ಲ ಮೇಡಂ. ನಮ್ಮದೇ ನಿಯಮ."

"ಅಯ್ಯೋ ಪಾಪ. ನಮ್ಮದೊಂದು ಹೆಸರಿದೆಯಲ್ಲ, ಅದನ್ನ ಕೊಡಿ, ಹುಡುಕೋದು ನಿಲ್ಲಿಸ್ತೀನಿ."

ಆತ ಕಾಗದ ಮಗುಚಿದ ಸದ್ದು. "ಅದಕ್ಕೆ... ಮೂಲ ಒಡೆಯರು ಕೆಮ್ಮುವ ಒಂಟೆ ಅವರ ಒಪ್ಪಿಗೆ ಬೇಕಾಗತ್ತೆ."

"ಕೆಮ್ಮುವ ಒಂಟೆ ಈಗ ನಿಮ್ಮ ಸಂಸ್ಥೆಯ ಅಮೂಲ್ಯ ಆಸ್ತಿ ಸರ್. ಒಪ್ಪಿಗೆ ನೀವೇ ಕೊಡಿ."

ಹಲಗೆಯ ಈ ಕಡೆ ನಾನು ಯಂತ್ರದ ಪೆಡಲಿನ ಮೇಲಿಂದ ಕಾಲೆತ್ತಿ ಕೂತಿದ್ದೆ. ಕೊನೆಗೆ ಆತ ಸಣ್ಣದಾಗಿ ಕೆಮ್ಮಿದ. ಅಣ್ಣನ ಹೆಸರು ಸಂಜೆಯೊಳಗೆ ವಾಪಸ್ಸು ಬಂತು, ಗುಪ್ತ ಸಂಖ್ಯೆಯ ಸಮೇತ. ಅತ್ತಿಗೆ ಅದನ್ನು ಹೊಸ ಕಂಪನಿಗೆ ಒಯ್ದು, ಒಡೆಯರ ವಿವರವನ್ನು ಈ ಸಲ ತಾನೇ ತುಂಬಿಸಿದಳು. ಒಲೆ ಹೊತ್ತಿಕೊಂಡಿದ್ದರೂ ಏಳುತ್ತಿರಲಿಲ್ಲ.

ಡ್ರಿಲ್ಲಿನ ಚಿತ್ರ ಹೋಗಿ ಅಣ್ಣನ ನಂಬರು ಬಂದದ್ದನ್ನು ಅವನು ತನ್ನ ಫೋನಿನಲ್ಲಿ, ನನ್ನ ಫೋನಿನಲ್ಲಿ, ಬೇಕರಿಯವನ ಫೋನಿನಲ್ಲಿ ನೋಡಿದ. ಆಮೇಲೆ ಕೈಚೀಲಕ್ಕೆ ಹೊಸ ಬೀಗ, ಮರದ ಪಟ್ಟಿ, ಗೋಂದು ತುಂಬಿಸಿದ. "ನೀನೂ ಬಾರೇ" ಅಂದ. ಅವನಿಗೆ ಭಯ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಉರು ಹೊಡೆಯುತ್ತ ನಡೆದ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತ, ನಾನು ಬೆನ್ನಿಗೆ ಕೈಕೊಟ್ಟು ತಳ್ಳಿದೆ.

ಮೇಡಂ ಅವರ ಬಾಗಿಲಿನ ಸ್ಥಿತಿ ನೋಡಿ ಅವನ ಕಣ್ಣು ತುಂಬಿಬಂತು. ಕೊರೆದ ತೂತಿಗೆ ತಗಡು ಬಡಿದಿದ್ದರು, ಅದೂ ಸೊಟ್ಟಗೆ. ಮೇಡಂ ಹೊರಗೆ ಬಂದರು. ಅಣ್ಣ ಉರು ಹೊಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. "ಮೇಡಂ, ಅವತ್ತು ಬಂದವರು ನನ್ನ ಕಡೆಯವರಲ್ಲ, ಹೆಸರು ನನ್ನ ಕೈತಪ್ಪಿ ಹೋಗಿತ್ತು, ಈಗ ವಾಪಸ್ಸು ಬಂದಿದೆ, ಬೇಕಾದ್ರೆ ಒತ್ತಿ ನೋಡಿ, ನಾನು ಯಾವತ್ತೂ ಮುರಿಯೋನಲ್ಲ ಮೇಡಂ."

"ನೀನಲ್ಲ ಅಂತ ಅವತ್ತೇ ಗೊತ್ತಿತ್ತಲ್ಲೋ" ಅಂದರು ಮೇಡಂ.

ನನಗೆ ತಡೆಯಲಾಗಲಿಲ್ಲ. "ಮತ್ತೆ ಅಷ್ಟೊಂದು ಬೈದ್ರಲ್ಲ ಮೇಡಂ! ಇವನು ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ!"

"ಬೈದೆ" ಎಂದರು ಮೇಡಂ. ಸೀಳಿದ ಮರದ ಮೇಲೆ ಕೈಯಿಟ್ಟರು. "ಅವರಿಬ್ಬರೂ ಹೋದ ಮೇಲೆ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಕೂತಿದ್ದೆ ಕಣೆ. ಅವ್ರಿಗೆ ಬೈಯೋಕೆ ಧೈರ್ಯ ಆಗಿರ್ಲಿಲ್ಲ, ಕೇಳಿದಷ್ಟು ಕೊಟ್ಟು ಕಳಿಸಿದ್ದೆ. ಯಾರಿಗಾದ್ರೂ ಬೈಲೇಬೇಕಿತ್ತು. ಬೇರೆಯವ್ರಾದ್ರೆ ಅರ್ಧಕ್ಕೆ ಫೋನ್ ಇಟ್ಟುಬಿಡ್ತಾರೆ. ಇವನು ಇಡಲ್ಲ ಅಂತ ಗೊತ್ತಿತ್ತು."

ಆಮೇಲೆ ಅಣ್ಣನ ಕಡೆ ತಿರುಗಿ, "ಮಾರನೇ ದಿನ ಬರ್ತೀಯ ಅಂದ್ಕೊಂಡೆ. ದಿನಾ ಕಾದೆ. ಯಾಕೋ ಬರ್ಲಿಲ್ಲ?" ಎಂದು ಕೇಳಿದರು.

ಅಣ್ಣ ಬಾಗಿಲ ಮುಂದೆ ಮಂಡಿಯೂರಿ, ತಗಡಿನ ಮೊದಲ ಮೊಳೆಗೆ ಇಕ್ಕಳ ಹಾಕಿ, ಮರಕ್ಕೆ ನೋವಾಗದ ಹಾಗೆ ಮೆಲ್ಲಗೆ ಎಳೆದ. ನನಗೆ ಅಳು ಬಂತು, ಅತ್ತುಬಿಟ್ಟೆ, ಯಾಕೆ ಮುಚ್ಚಿಡಲಿ.

"ಇದು ಬಿಚ್ಚೋಕೆ ಸುಮಾರು ಹೊತ್ತು ಬೇಕು ಮೇಡಂ" ಎಂದ ಅಣ್ಣ, ತಲೆಯೆತ್ತದೆ. "ಅವ್ರಿಗೆ ಹೇಳ್ಬೇಕಾಗಿದ್ದು ಇನ್ನೂ ಏನಾದ್ರೂ ಉಳಿದಿದ್ರೆ, ಬೈಯಿರಿ."

ಮೇಡಂ ಒಳಗಿನಿಂದ ಒಂದು ಕುರ್ಚಿ ತಂದು ಹಾಕಿಕೊಂಡು ಕೂತು, ಮೊದಲಿನಿಂದ ಶುರು ಮಾಡಿದರು.